ನೀವು ಮಲಗಿದಾಗ ನಿಮ್ಮ ಬಿ.ಪಿ. ಮಲಗುತ್ತದೆಯೇ?



ಈ ಲೇಖನವನ್ನು ನಿಮಗಾಗಿಯೇ ಬರೆದಿದ್ದೇನೆ. ಕನ್ನಡ ಅಕ್ಷರ ಓದಲು ತಡವರಿಸುವವರು ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿಕೊಳ್ಳಿ. ಅವರಿಗೂ ಇದು ಬೇಕಾದ ವಿಷಯವೇ. ನಾನು ಡಾಕ್ಟರಲ್ಲ, ವಿಜ್ಞಾನ ಓದಿದವಳೂ ಅಲ್ಲ. ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಆದರೆ ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದ ಒಂದು ಘಟನೆ ನನ್ನನ್ನು ಈ ವಿಷಯದ ಬೆನ್ನು ಹತ್ತುವಂತೆ ಮಾಡಿತು.

ನಮ್ಮ ಯಜಮಾನರಿಗೆ ಅರವತ್ತು ತುಂಬಿತ್ತು. ಪ್ರತಿ ವರ್ಷ ತಪ್ಪದೆ ತಪಾಸಣೆ ಮಾಡಿಸಿಕೊಳ್ಳುವ ಶಿಸ್ತಿನ ಮನುಷ್ಯ. ಬೆಳಿಗ್ಗೆ ಹನ್ನೊಂದು ಗಂಟೆಗೆ ಕ್ಲಿನಿಕ್‌ಗೆ ಹೋಗುವುದು, ಕೈಗೆ ಪಟ್ಟಿ ಸುತ್ತಿಸಿಕೊಳ್ಳುವುದು, 128/80 ಎಂದು ಕಾಗದದಲ್ಲಿ ಬರೆಸಿಕೊಂಡು ಹೆಮ್ಮೆಯಿಂದ ಮನೆಗೆ ಬರುವುದು. "ನೋಡು, ನಿನಗಿಂತ ನನ್ನ ಬಿ.ಪಿ. ಚೆನ್ನಾಗಿದೆ" ಎಂದು ನನ್ನನ್ನು ಛೇಡಿಸುವುದು. ಆ ವರ್ಷ ಬೇರೊಬ್ಬ ಹೃದಯತಜ್ಞರು ಪರೀಕ್ಷೆ ಮಾಡಿದಾಗ ಹೃದಯದ ಗೋಡೆ ದಪ್ಪವಾಗಿದೆ ಎಂದು ತಿಳಿಯಿತು. ವರ್ಷಗಟ್ಟಲೆ ಹೆಚ್ಚಿನ ಒತ್ತಡದ ವಿರುದ್ಧ ರಕ್ತ ದೂಡಿ ದೂಡಿ ಹೃದಯದ ಸ್ನಾಯು ಹೀಗೆ ಬೆಳೆಯುತ್ತದಂತೆ, ಭಾರ ಎತ್ತುವವನ ತೋಳಿನ ಹಾಗೆ. ಆದರೆ ಇವರ ಒತ್ತಡ ಯಾವತ್ತೂ ಹೆಚ್ಚಿರಲಿಲ್ಲವಲ್ಲ! ಡಾಕ್ಟರು ಇವರನ್ನು ಬಿಟ್ಟು ನನ್ನ ಕಡೆ ತಿರುಗಿ ಕೇಳಿದರು: "ರಾತ್ರಿ ಇವರು ಹೇಗೆ ಮಲಗುತ್ತಾರೆ?"

ಹದಿನೈದು ವರ್ಷಗಳಿಂದ ಆ ಪ್ರಶ್ನೆಗಾಗಿ ಕಾಯುತ್ತಿದ್ದವಳು ನಾನು. ಗೊರಕೆಯ ವಿಷಯ ಎಷ್ಟು ಸಲ ಹೇಳಿದರೂ ಮನೆಯವರೆಲ್ಲ ನಗುತ್ತಿದ್ದರು. ಹಿಂದಿನ ಕ್ಲಿನಿಕ್‌ನಲ್ಲೂ ನಕ್ಕೇ ಬಿಟ್ಟಿದ್ದರು.

ಮರುದಿನ ಇವರ ತೋಳಿಗೆ ಒಂದು ಪಟ್ಟಿ, ಸೊಂಟಕ್ಕೆ ಒಂದು ಪುಟ್ಟ ಪೆಟ್ಟಿಗೆ ಕಟ್ಟಿ ಕಳುಹಿಸಿದರು. ಇಪ್ಪತ್ತನಾಲ್ಕು ಗಂಟೆಯೂ ಅದು ತಾನಾಗಿ ಉಬ್ಬಿ, ತಾನಾಗಿ ಇಳಿದು, ಅರ್ಧ ಗಂಟೆಗೊಮ್ಮೆ ಒತ್ತಡವನ್ನು ಬರೆದಿಟ್ಟುಕೊಳ್ಳುತ್ತದೆ. ಅಂದು ಸಂಜೆ ಸಂಘದ ಸಭೆ ಬೇರೆ ಇತ್ತು. ಅಧ್ಯಕ್ಷರ ಭಾಷಣದ ನಡುವೆ ಪಟ್ಟಿ 'ಗುರ್ರ್' ಎಂದು ಉಬ್ಬತೊಡಗಿದಾಗ ಮುಂದಿನ ಸಾಲಿನವರೆಲ್ಲ ಹಿಂದೆ ತಿರುಗಿ ನೋಡಿದರು. ನಿಮ್ಮಲ್ಲಿ ಕೆಲವರು ಅಲ್ಲಿದ್ದಿರಿ, ನಕ್ಕವರೂ ಇದ್ದಿರಿ!

ಫಲಿತಾಂಶ ಬಂತು. ಹಗಲಿನ ಸರಾಸರಿ 130/81. ನಿದ್ದೆಯಲ್ಲಿ 141/84. ಇಳಿಯಬೇಕಾದ ಹೊತ್ತಿನಲ್ಲಿ ಏರಿತ್ತು.

ಇಳಿಯಬೇಕು ಎಂದೆನಲ್ಲ, ಅದು ಏಕೆ ಎಂದು ಸ್ವಲ್ಪ ವಿವರವಾಗಿ ನೋಡೋಣ. ಆರೋಗ್ಯವಂತರ ರಕ್ತದೊತ್ತಡ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಿದ್ದೆಯಲ್ಲಿ ಅದು ಹಗಲಿನ ಮಟ್ಟಕ್ಕಿಂತ ನೂರಕ್ಕೆ 10ರಿಂದ 20ರಷ್ಟು ಇಳಿಯುತ್ತದೆ. ಹಗಲಿನಲ್ಲಿ ಮೇಲಿನ ಅಂಕಿ 120 ಇದ್ದರೆ ನಿದ್ದೆಯಲ್ಲಿ 108ರಿಂದ 96ರ ಆಸುಪಾಸಿಗೆ ಬರಬೇಕು. ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳು ಆ ಹೊತ್ತಿಗೆ ಸಡಿಲವಾಗುತ್ತವೆ, ಹೃದಯದ ಬಡಿತ ನಿಧಾನವಾಗುತ್ತದೆ, ಮೂತ್ರಪಿಂಡಗಳೂ ಕೆಲಸ ಕಡಿಮೆ ಮಾಡುತ್ತವೆ. ಬೆಳಗಿನ ಜಾವ, ನಾವು ಏಳುವುದಕ್ಕೂ ಮೊದಲೇ, ದೇಹ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಎದ್ದು ನಿಲ್ಲಲು ಸಿದ್ಧತೆ ನಡೆಸುತ್ತದೆ. ಎದ್ದ ಮೇಲೆ ಒತ್ತಡ ಸರ್ರನೆ ಏರುತ್ತದೆ. ಹೃದಯಾಘಾತಗಳು ಬೆಳಿಗ್ಗೆ ಆರರಿಂದ ಮಧ್ಯಾಹ್ನದವರೆಗೆ ಹೆಚ್ಚು ಎಂಬುದನ್ನು ಅಮೆರಿಕದ ವೈದ್ಯರು 1985ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ರಾತ್ರಿಯ ಈ ಇಳಿತ ಕಣ್ಣಿಗೆ ಬಿದ್ದದ್ದು ಯಂತ್ರಗಳು ಬಂದ ಮೇಲೆ. 1969ರಲ್ಲಿ ಆಕ್ಸ್‌ಫರ್ಡಿನ ವೈದ್ಯರು ರಕ್ತನಾಳದೊಳಗೇ ಸಣ್ಣ ನಳಿಕೆ ಇಟ್ಟು, ಜನ ಎಂದಿನಂತೆ ಓಡಾಡುತ್ತ ಮಲಗುತ್ತ ಇರುವಾಗಲೇ ಒತ್ತಡವನ್ನು ಅಳೆದರು. 1988ರಲ್ಲಿ ಐರ್ಲೆಂಡಿನ ಡಾ. ಓಬ್ರಿಯೆನ್ ಮತ್ತು ಸಂಗಡಿಗರು ರೋಗಿಗಳನ್ನು 'ಇಳಿಯುವವರು', 'ಇಳಿಯದವರು' ಎಂದು ಎರಡು ಪಂಗಡ ಮಾಡಿದರು. ಇಳಿಯದವರಲ್ಲಿ ಪಕ್ಷವಾತ ಆದವರ ಪ್ರಮಾಣ ಬಹಳ ಹೆಚ್ಚಾಗಿತ್ತು. ಅಂದಿನಿಂದ ಇಂದಿನವರೆಗೆ ಬಂದ ಅಧ್ಯಯನಗಳು ಇದೇ ಮಾತನ್ನು ಗಟ್ಟಿ ಮಾಡಿವೆ: ಹೃದಯ, ಮಿದುಳು, ಮೂತ್ರಪಿಂಡಗಳಿಗೆ ಮುಂದೆ ಬರುವ ತೊಂದರೆಯನ್ನು ಕ್ಲಿನಿಕ್‌ನ ಅಂಕಿಗಿಂತ ರಾತ್ರಿಯ ಅಂಕಿ ಚೆನ್ನಾಗಿ ಹೇಳುತ್ತದೆ. ನಿದ್ದೆಯಲ್ಲಿ ಸರಾಸರಿ 120/70 ಮೀರಿದರೆ ವೈದ್ಯರು ಅದನ್ನು ರಾತ್ರಿಯ ರಕ್ತದೊತ್ತಡ ಎಂದೇ ಪರಿಗಣಿಸುತ್ತಾರೆ. ಹಗಲಿಗಾದರೆ ಆ ಗೆರೆ 135/85.

ಇದನ್ನೆಲ್ಲ ಆಡಿಸುವ ಗಡಿಯಾರ ಎಲ್ಲಿದೆ? ಕಣ್ಣುಗಳಿಂದ ಬರುವ ನರಗಳು ಮಿದುಳಿನಲ್ಲಿ ಒಂದನ್ನೊಂದು ಹಾಯುವ ಜಾಗದ ಮೇಲ್ಭಾಗದಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಜೋಡಿ ಗೊಂಚಲು. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಅದು ಸಮಯ ಹೊಂದಿಸಿಕೊಳ್ಳುತ್ತದೆ. ಬೆಳಕೇ ಇಲ್ಲದಿದ್ದರೂ ನಿಲ್ಲುವುದಿಲ್ಲ. ಮನುಷ್ಯರಲ್ಲಿ ಸುಮಾರು 24 ಗಂಟೆ 10 ನಿಮಿಷಕ್ಕೊಂದು ಸುತ್ತು ಹಾಕುತ್ತಲೇ ಇರುತ್ತದೆ. ಇದು ದೊಡ್ಡ ಗಡಿಯಾರ. ಹೃದಯ, ರಕ್ತನಾಳ, ಮೂತ್ರಪಿಂಡಗಳ ಒಳಗೂ ಚಿಕ್ಕ ಚಿಕ್ಕ ಗಡಿಯಾರಗಳಿವೆ. ಊರಿನ ದೊಡ್ಡ ಮನೆಯ ಗಂಟೆ ಕೇಳಿ ಉಳಿದ ಮನೆಯವರು ತಮ್ಮ ಗಡಿಯಾರ ಸರಿಮಾಡಿಕೊಂಡ ಹಾಗೆ ಅವೆಲ್ಲ ದೊಡ್ಡದನ್ನು ಅನುಸರಿಸುತ್ತವೆ.

ಊರಿಗೆ ಹೋದಾಗ ನೀವೆಲ್ಲ ನಾಚಿಕೆ ಮುಳ್ಳಿನ ಎಲೆ ಮುಟ್ಟಿ ಆಡಿದವರೇ. ಅದೇ ಜಾತಿಯ ಗಿಡವನ್ನು 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಎಂಬ ವಿಜ್ಞಾನಿ ಕತ್ತಲೆಯಲ್ಲಿಟ್ಟು ನೋಡಿದ. ಸೂರ್ಯನಿಲ್ಲದಿದ್ದರೂ ಹಗಲಾದಾಗ ಎಲೆ ಬಿಚ್ಚುತ್ತಿತ್ತು, ರಾತ್ರಿಯಾದಾಗ ಮುಚ್ಚುತ್ತಿತ್ತು. ಆ ಒಳಗಡಿಯಾರದ ಒಂದು ಮುಖ್ಯ ವಂಶವಾಹಿಯ ಸುಳಿವು ಹಣ್ಣಿನ ನೊಣಗಳಲ್ಲಿ ಸಿಕ್ಕಿದ್ದು 1971ರಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರು ಅಮೆರಿಕನ್ನರಿಗೆ 2017ರ ನೊಬೆಲ್ ಬಂತು.

ಆದರೆ ನನಗೆ ಹೆಚ್ಚು ಇಷ್ಟವಾದದ್ದು ನಮ್ಮ ದೇಶದ ಕಥೆ. ಮರೋಳಿ ಕೃಷ್ಣಯ್ಯ ಚಂದ್ರಶೇಖರನ್ ಎಂಬ ಪ್ರಾಣಿಶಾಸ್ತ್ರಜ್ಞರು ನಮ್ಮಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು. (ಮರೋಳಿ ಎಂದ ಕೂಡಲೇ ಮಂಗಳೂರಿನ ಕಡೆಯವರ ಕಿವಿ ನಿಮಿರುತ್ತದೆ ಎಂದು ಗೊತ್ತು!) ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರೂ ಸಂಗಡಿಗರೂ ಅಲ್ಲಿನ ಗುಹೆಯೊಂದರ ಬಾವಲಿಗಳನ್ನು ಗಮನಿಸಿದರು. ಗುಹೆಯ ಆಳದಲ್ಲಿ ಹಗಲೂ ಇರುಳೂ ಒಂದೇ ಕತ್ತಲೆ. ಅಲ್ಲಿ ಪಂಜರದಲ್ಲಿಟ್ಟ ಬಾವಲಿ ಸೂರ್ಯನನ್ನು ಕಾಣದಿದ್ದರೂ, ಸಂಜೆ ಹಾರಿಹೋಗಿ ಬೆಳಗಿಗೆ ಮರಳುವ ಬಳಗದವರ ಸದ್ದುಗದ್ದಲದಿಂದಲೇ ತನ್ನ ಗಡಿಯಾರವನ್ನು ಸರಿಯಾಗಿಟ್ಟುಕೊಳ್ಳುತ್ತಿತ್ತು. ಬಳಗ ಇಲ್ಲದಿದ್ದಾಗ ಅದರ ದಿನ ನಿಧಾನವಾಗಿ ಹೊರಗಿನ ದಿನದಿಂದ ಸರಿದುಹೋಗುತ್ತಿತ್ತು. 1981ರಲ್ಲಿ ಪ್ರಕಟವಾದ ಸಂಗತಿ ಇದು. ಚಂದ್ರಶೇಖರನ್ ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಕೆಲಸವನ್ನು ಮುಂದುವರಿಸಿದರು. ಈ ಬಾವಲಿಯ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಒಂದು ಸೂಕ್ಷ್ಮ ವಿಷಯ. ರಾತ್ರಿ ಒತ್ತಡ ಇಳಿಯುವುದು ಗಡಿಯಾರದಿಂದಲೋ, ನಿದ್ದೆಯಿಂದಲೋ? ಹಗಲು ರಾತ್ರಿಯ ಯಾವ ಸುಳಿವೂ ಸಿಗದಂಥ ಕೋಣೆಗಳಲ್ಲಿ ಜನರನ್ನು ದಿನಗಟ್ಟಲೆ ಇರಿಸಿ ಅಮೆರಿಕದ ಸಂಶೋಧಕರು ಎರಡನ್ನೂ ಬೇರ್ಪಡಿಸಿ ನೋಡಿದರು. 2011ರಲ್ಲಿ ಅವರು ಪ್ರಕಟಿಸಿದ ಉತ್ತರ ಅಚ್ಚರಿಯದು: ಗಡಿಯಾರವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಒತ್ತಡದ ತುದಿ ಬೆಳಿಗ್ಗೆ ಅಲ್ಲ, ರಾತ್ರಿ ಒಂಬತ್ತರ ಸುಮಾರಿಗೆ! ಅದರ ಏರಿಳಿತವೂ ದೊಡ್ಡದಲ್ಲ, ಕೆಲವೇ ಅಂಕಿಗಳಷ್ಟು. ಅಂದರೆ ರಾತ್ರಿಯ ದೊಡ್ಡ ಇಳಿತವನ್ನು ಕೊಡುವುದು ಮುಖ್ಯವಾಗಿ ಮಲಗುವುದು ಮತ್ತು ನಿದ್ದೆ. ಗಡಿಯಾರ ನಿದ್ದೆಗೆ ಹೊತ್ತು ಗೊತ್ತು ಮಾಡಿಕೊಡುತ್ತದೆ, ತನ್ನ ಪಾಲನ್ನೂ ಸೇರಿಸುತ್ತದೆ. ಎರಡೂ ಜೊತೆಯಾಗಿ ಹೆಜ್ಜೆ ಹಾಕಿದರೆ ಇಳಿತ ಚೆನ್ನಾಗಿ ಆಗುತ್ತದೆ. ಒಂದು ಪೂರ್ವಕ್ಕೆ ಇನ್ನೊಂದು ಪಶ್ಚಿಮಕ್ಕೆ ಎಳೆದರೆ ತೊಂದರೆ.

ಇಲ್ಲಿ ನನಗೆ ನಮ್ಮ ಮಾವನವರ ನೆನಪಾಗುತ್ತದೆ. ಅವರು 1955ರಲ್ಲಿ, ಮೀಸೆ ಮೂಡುವ ಮೊದಲೇ, ಮುಂಬಯಿಗೆ ಬಂದವರು. ನಿಮ್ಮ ಅಜ್ಜಂದಿರ ಕಥೆಯೂ ಹೆಚ್ಚುಕಡಿಮೆ ಇದೇ ಇರುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಟೆಲಿನಲ್ಲಿ ಇಡ್ಲಿ ಹಿಟ್ಟು, ಚಟ್ನಿ. ಹಗಲೆಲ್ಲ ಟೇಬಲ್ ಒರೆಸುವುದು. ಸಂಜೆ ಕನ್ನಡದವರ ರಾತ್ರಿಶಾಲೆ. ಮೊಗವೀರ ರಾತ್ರಿಶಾಲೆ, ಗುರುನಾರಾಯಣ ರಾತ್ರಿಶಾಲೆಯಂಥವು ಇಲ್ಲದಿದ್ದರೆ ಈ ಊರಿನಲ್ಲಿ ನಮ್ಮವರು ಎಷ್ಟೋ ಮಂದಿ ಅಕ್ಷರ ಕಾಣುತ್ತಿರಲಿಲ್ಲ. ಆ ಶಾಲೆಗಳನ್ನು ನಡೆಸಿದವರಿಗೆ ಎಷ್ಟು ಕೈಮುಗಿದರೂ ಸಾಲದು. ಶಾಲೆ ಮುಗಿಸಿ ಬಂದು ಹೋಟೆಲಿನ ಬೆಂಚುಗಳ ಮೇಲೆ ಮಲಗುವಾಗ ಹನ್ನೊಂದೂವರೆ. ನಾಲ್ಕಕ್ಕೆ ಮತ್ತೆ ಏಳಬೇಕು. ಮುಂದೆ ಗಲ್ಲದಲ್ಲಿ ಕೂರುವ ಯೋಗ ಬಂದ ಮೇಲೂ ಆ ನಾಲ್ಕು ಗಂಟೆಯ ನಿದ್ದೆ ಅಭ್ಯಾಸವಾಗಿಬಿಟ್ಟಿತ್ತು. "ನಿದ್ದೆ ಸೋಮಾರಿಗಳಿಗೆ" ಎನ್ನುತ್ತಿದ್ದರು. 1998ರಲ್ಲಿ ಒಂದು ಬೆಳಗಿನ ಜಾವ ಬಚ್ಚಲಲ್ಲಿ ಪಕ್ಷವಾತವಾಗಿ ಬಿದ್ದವರು ಏಳಲಿಲ್ಲ. ಅರವತ್ತೊಂದು ವಯಸ್ಸು. ಅವರ ರಾತ್ರಿಯ ಒತ್ತಡವನ್ನು ಯಾರೂ ಅಳೆದಿರಲಿಲ್ಲ, ಆದ್ದರಿಂದ ಅದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಈ ವಿಷಯ ಓದುವಾಗಲೆಲ್ಲ ಆ ಬೆಂಚು ಕಣ್ಣ ಮುಂದೆ ಬರುತ್ತದೆ.

ನೀವು ಬೆಂಚಿನ ಮೇಲೆ ಮಲಗುವುದಿಲ್ಲ. ಆದರೆ ನಿಮ್ಮಲ್ಲಿ ಎಷ್ಟು ಮಂದಿ ಸಂಜೆ ಏಳಕ್ಕೆ ಕಂಪೆನಿಯ ಗಾಡಿ ಹತ್ತಿ ಐರೋಳಿಗೋ ಪೊವಾಯಿಗೋ ಹೋಗಿ, ಅಮೆರಿಕದ ಹಗಲಿನಲ್ಲಿ ದುಡಿದು ಬರುತ್ತೀರಿ? ನನ್ನ ಮಗಳು ಆರು ವರ್ಷಗಳಿಂದ ಅದನ್ನೇ ಮಾಡುತ್ತಿದ್ದಾಳೆ. ಬೆಳಿಗ್ಗೆ ಮನೆಗೆ ಬರುವಾಗ ಬಿಸಿಲು ನೇರ ಮುಖಕ್ಕೆ. ಒಳಗಿನ ಗಡಿಯಾರಕ್ಕೆ ಆ ಬಿಸಿಲು ಹೇಳುವುದು "ಏಳು, ಹಗಲಾಯಿತು" ಎಂದು. ಆಗ ಅವಳು ಪರದೆ ಎಳೆದು ಮಲಗುತ್ತಾಳೆ. ಅದಕ್ಕೇ ರಾತ್ರಿ ಪಾಳಿಯವರ ಗಡಿಯಾರ ಎಷ್ಟು ವರ್ಷವಾದರೂ ಪೂರ್ತಿ ತಿರುಗುವುದಿಲ್ಲ. ಶನಿವಾರ ಭಾನುವಾರ ಬಂದರೆ ಮತ್ತೆ ನಮ್ಮೊಂದಿಗೆ ಹಗಲಿನ ಜೀವನ! ಬೋಸ್ಟನ್ನಿನ ಸಂಶೋಧಕರು 14 ಮಂದಿ ಆರೋಗ್ಯವಂತರನ್ನು ಪ್ರಯೋಗಶಾಲೆಯಲ್ಲಿಟ್ಟು ಅವರ ಊಟ-ನಿದ್ದೆಯನ್ನು ಹನ್ನೆರಡು ಗಂಟೆ ತಿರುಗಿಸಿ ನೋಡಿದರು. 2016ರಲ್ಲಿ ಬಂದ ವರದಿಯ ಪ್ರಕಾರ ಕೆಲವೇ ದಿನಗಳಲ್ಲಿ ಅವರ ರಕ್ತದೊತ್ತಡ ಏರಿತ್ತು, ಅದರಲ್ಲೂ ನಿದ್ದೆಯ ಹೊತ್ತಿನ ಒತ್ತಡ. ಅವರು ರೋಗಿಗಳಲ್ಲ, ಮುದುಕರೂ ಅಲ್ಲ.

"ಆಂಟಿ, ನಿಮ್ಮ ಕಾಲದಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡುತ್ತಿರಲಿಲ್ಲವೇ?" ಎಂದು ಒಬ್ಬ ಹುಡುಗ ಕೇಳಿದ್ದ. ನೋಡುತ್ತಿದ್ದೆವು ಮಾರಾಯ, ವರ್ಷಕ್ಕೆ ನಾಲ್ಕು ಸಲ. ಮರುದಿನ ಚಾಪೆ ಹಾಸಿ ಸಂಜೆವರೆಗೆ ಮಲಗುತ್ತಿದ್ದೆವು. ವಾರಕ್ಕೆ ಐದು ರಾತ್ರಿ ಆಟ ನೋಡಿ ಬದುಕಿದವರನ್ನು ನಾನು ಕಂಡಿಲ್ಲ.

ಇನ್ನು ನಮ್ಮ ಘಾಟ್ಕೋಪರಿನದೇ ಒಂದು ಸಂಗತಿ. ಪೂರ್ವ ದಿಕ್ಕಿನಿಂದ ಬಂದು ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೆ, ಅಸಲ್ಫಾ ಗುಡ್ಡದ ಮೇಲೆ, ಚಕ್ರ ಕಾಣುವಷ್ಟು ಕೆಳಗೆ ಹಾದುಹೋಗುತ್ತವೆ. ರಾತ್ರಿ ಎರಡಕ್ಕೂ ಬರುತ್ತವೆ, ಮೂರಕ್ಕೂ ಬರುತ್ತವೆ. "ನಮಗೆ ರೂಢಿಯಾಗಿದೆ, ಎಚ್ಚರವೇ ಆಗುವುದಿಲ್ಲ" ಎಂದು ನಾವೆಲ್ಲ ಜಂಬದಿಂದ ಹೇಳಿಕೊಳ್ಳುತ್ತೇವೆ. ಯೂರೋಪಿನಲ್ಲಿ ಲಂಡನ್, ಅಥೆನ್ಸ್, ಮಿಲಾನ್, ಸ್ಟಾಕ್‌ಹೋಮ್ ವಿಮಾನ ನಿಲ್ದಾಣಗಳ ಬಳಿ ವಾಸಿಸುವ 140 ಮಂದಿಯ ಮಲಗುವ ಕೋಣೆಯಲ್ಲಿ ಸದ್ದು ಅಳೆಯುವ ಯಂತ್ರ ಇಟ್ಟು, ತೋಳಿಗೆ ಪಟ್ಟಿ ಕಟ್ಟಿ ಪರೀಕ್ಷಿಸಿದರು. ಕೋಣೆಯೊಳಗೆ ವಿಮಾನದ ಸದ್ದು 35 ಡೆಸಿಬಲ್ ದಾಟಿದರೆ ಸಾಕು, ಮೇಲಿನ ಅಂಕಿ ಸರಾಸರಿ 6ರಷ್ಟು ಏರುತ್ತಿತ್ತು, ಮಲಗಿದವರಿಗೆ ಎಚ್ಚರವಾಗದಿದ್ದರೂ! ಇದು 2008ರ ವರದಿ. ಹೀಥ್ರೋದಲ್ಲಿ ರಾತ್ರಿ ಎಷ್ಟು ವಿಮಾನ ಬರಬಹುದೆಂದು ಮಿತಿ ಇದೆ. ನಮ್ಮ ಕಡೆ ಕಿಟಕಿ ಮುಚ್ಚುವುದೇ ಮಿತಿ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ನಾನು ಯಜಮಾನರಿಗೆ ಎರಡು ಸಲ ಓದಿ ಹೇಳಿದೆ: ಪಕ್ಕದಲ್ಲಿ ಮಲಗಿದವರ ಗೊರಕೆಗೂ ಇದೇ ಪರಿಣಾಮ.

ಗೊರಕೆಯ ವಿಷಯಕ್ಕೆ ಬಂದೆ. ಇವರ ರಾತ್ರಿಯ ಏರಿಕೆಗೆ ಕಾರಣ ಅದೇ ಆಗಿತ್ತು. ಬರೀ ಗೊರಕೆಯಲ್ಲ, ಗೊರಕೆಯ ನಡುವೆ ಉಸಿರೇ ನಿಂತು, ಹತ್ತು ಇಪ್ಪತ್ತು ಸೆಕೆಂಡಿನ ಮೇಲೆ ಗಕ್ಕನೆ ಮರಳುವುದು. ಗಂಟಲ ದಾರಿ ಮುಚ್ಚಿಕೊಂಡಾಗ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತದೆ, ದೇಹ ಗಾಬರಿಯಿಂದ ನರಗಳನ್ನು ಬಡಿದೆಬ್ಬಿಸುತ್ತದೆ, ಒತ್ತಡ ಹಾರುತ್ತದೆ. ಒಂದು ರಾತ್ರಿಯಲ್ಲಿ ನೂರಾರು ಸಲ. ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತು. ಈಗ ಇವರು ಮೂಗಿಗೆ ಗಾಳಿ ದೂಡುವ ಯಂತ್ರ ಹಾಕಿಕೊಂಡು ಮಲಗುತ್ತಾರೆ. ಮಗಳು ಅದನ್ನು "ಪಪ್ಪನ ಸೊಂಡಿಲು" ಎನ್ನುತ್ತಾಳೆ. ಯಂತ್ರ ಮತ್ತು ಮಾತ್ರೆ ಎರಡೂ ಸೇರಿ ಆರು ತಿಂಗಳಲ್ಲಿ ರಾತ್ರಿಯ ಸರಾಸರಿ 122/72ಕ್ಕೆ ಬಂದಿದೆ.

ಉಪ್ಪಿನ ಪಾತ್ರ ಇದರಲ್ಲಿ ಚಿಕ್ಕದಲ್ಲ. ಹಗಲು ತಿಂದ ಉಪ್ಪನ್ನು ಹಗಲಲ್ಲೇ ಹೊರಹಾಕಲು ಮೂತ್ರಪಿಂಡಕ್ಕೆ ಆಗದಿದ್ದರೆ, ರಾತ್ರಿಯೂ ಒತ್ತಡವನ್ನು ಮೇಲೆಯೇ ಇಟ್ಟು ಅದನ್ನು ದೂಡುವ ಕೆಲಸ ನಡೆಯುತ್ತದೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದೂ ಇದರ ಒಂದು ಸೂಚನೆಯಾಗಿರಬಹುದು. ಉಪ್ಪು ಕಡಿಮೆ ಮಾಡಿದಾಗ 'ಇಳಿಯದವರು' 'ಇಳಿಯುವವರು' ಆದದ್ದನ್ನು ಜಪಾನಿನ ವೈದ್ಯರು ತೋರಿಸಿಕೊಟ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೂ ಒಳಗೆ. ನಮ್ಮಲ್ಲಿ ಗಂಜಿಗೆ ಉಪ್ಪಿನಕಾಯಿ, ಅದಕ್ಕೆ ಹಪ್ಪಳ, ಒಣಮೀನು. ಜೊತೆಗೆ ಘಾಟ್ಕೋಪರಿನ ಗಲ್ಲಿಗಲ್ಲಿಯಲ್ಲೂ ಸಿಗುವ ಫರಸಾಣ! ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೆ ಹಸಿವಾದರೆ ಸಿಗುವುದು ವೇಫರ್, ನೂಡಲ್ಸ್. ಒಣಮೀನು ಬಿಡಿ ಎಂದು ಹೇಳಲು ನನಗೇ ಧೈರ್ಯವಿಲ್ಲ, ಆದರೆ ನಮ್ಮ ಮನೆಯಲ್ಲಿ ಈಗ ಅದು ವಾರಕ್ಕೊಮ್ಮೆ, ಅದೂ ಮಧ್ಯಾಹ್ನ.

ಮಾತ್ರೆಯ ಬಗ್ಗೆ ಎಚ್ಚರದ ಒಂದು ಮಾತು. ಬಿ.ಪಿ. ಮಾತ್ರೆಯನ್ನು ರಾತ್ರಿ ಮಲಗುವಾಗಲೇ ತೆಗೆದುಕೊಳ್ಳಬೇಕು, ಅದರಿಂದ ಹೃದಯಾಘಾತ ಅರ್ಧಕ್ಕರ್ಧ ಕಡಿಮೆಯಾಗುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ತಿರುಗಿದ್ದನ್ನು ನೋಡಿರಬಹುದು. ಅದರ ಮೂಲ 2019ರಲ್ಲಿ ಸ್ಪೇನಿನಿಂದ ಬಂದ ಒಂದು ವರದಿ. ಅದರ ಬಗ್ಗೆ ಆಗಲೇ ಅನೇಕ ವೈದ್ಯರು ಸಂಶಯ ಎತ್ತಿದ್ದರು. ಬ್ರಿಟನ್ನಿನಲ್ಲಿ 21,104 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಳಿಗ್ಗೆ, ಒಂದಕ್ಕೆ ಸಂಜೆ ಮಾತ್ರೆ ಕೊಟ್ಟು ಐದು ವರ್ಷಗಳಷ್ಟು ಕಾಲ ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶ: ಎರಡಕ್ಕೂ ವ್ಯತ್ಯಾಸವಿಲ್ಲ. ಹಾಗಾಗಿ ಅಪ್ಪನ ಮಾತ್ರೆಯ ಹೊತ್ತನ್ನು ನೀವಾಗಿ ಬದಲಿಸಬೇಡಿ. ದಿನವೂ ಮರೆಯದೆ ತೆಗೆದುಕೊಳ್ಳುವ ಹೊತ್ತೇ ಒಳ್ಳೆಯ ಹೊತ್ತು. ಕೆಲವರಿಗೆ ಬೇರೆ ಕಾರಣಕ್ಕೆ ಡಾಕ್ಟರು ರಾತ್ರಿಗೆ ಹೇಳಿದ್ದರೆ ಹಾಗೆಯೇ ಇರಲಿ.

ಹಾಗಾದರೆ ನೀವು ಮಾಡಬಹುದಾದದ್ದೇನು? ಮೊದಲು ಮನೆಯಲ್ಲಿ ತೋಳಿಗೆ ಕಟ್ಟುವ ಯಂತ್ರವಿದ್ದರೆ ಬೆಳಿಗ್ಗೆ ಒಮ್ಮೆ ಅಷ್ಟೇ ಅಳೆದು ಮುಗಿಸಬೇಡಿ. ನಮ್ಮ ದೇಶದ 15 ರಾಜ್ಯಗಳಲ್ಲಿ 18,918 ಮಂದಿಯ ಮನೆಗಳಲ್ಲೇ ಅಳೆದ ಒಂದು ಅಧ್ಯಯನದಲ್ಲಿ ಬೆಳಗಿಗಿಂತ ಸಂಜೆಯ ಒತ್ತಡವೇ ಹೆಚ್ಚು ಕಂಡಿತ್ತು. ಅಪ್ಪನಿಗೋ ಅಮ್ಮನಿಗೋ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಜೋರು ಗೊರಕೆ ಇದ್ದರೆ, ಅಥವಾ ಬಿ.ಪಿ. ಸರಿಯಿದ್ದೂ ಹೃದಯ ದಪ್ಪವಾಗಿದ್ದರೆ, ಇಪ್ಪತ್ತನಾಲ್ಕು ಗಂಟೆಯ ಪಟ್ಟಿ ಕಟ್ಟಿಸಬೇಕೇ ಎಂದು ಡಾಕ್ಟರನ್ನು ನೀವೇ ಕೇಳಿ. ಇಂಗ್ಲಿಷಿನಲ್ಲಿ ಫಟಾಫಟ್ ಮಾತಾಡುವ ನೀವು ಜೊತೆಗೆ ಹೋದರೆ ಹಿರಿಯರಿಗೆ ಅದೇ ಒಂದು ಧೈರ್ಯ. ರಾತ್ರಿ ಪಾಳಿಯವರಾದರೆ ಹಿಂತಿರುಗುವಾಗ ಕಪ್ಪು ಕನ್ನಡಕ, ಕೋಣೆಗೆ ದಪ್ಪ ಪರದೆ, ಪಾಳಿಯ ಕೊನೆಯ ಅರ್ಧದಲ್ಲಿ ಕಾಫಿ ಬೇಡ. ಪಾಳಿ ಇಲ್ಲದವರು, ಸುಮ್ಮನೆ ಮೊಬೈಲ್ ಹಿಡಿದು ಎರಡು ಗಂಟೆವರೆಗೆ ಎದ್ದಿರುವವರು... ನಿಮಗೆ ನಾನು ಬೇರೆ ಹೇಳಬೇಕೇ?

ಬಾವಲಿಯ ಮಾತು ಬಾಕಿ ಇದೆ. ಅದನ್ನು ಓದಿದ ದಿನ ನಾನು ನನ್ನ ಮನೆಯನ್ನು ನೋಡಿದೆ. ಮಗಳು ಕತ್ತಲೆ ಕೋಣೆಯಲ್ಲಿ ಮಲಗಿರುವಾಗ ಹೊರಗೆ ನನ್ನ ಮಿಕ್ಸರ್, ಕುಕ್ಕರಿನ ಸೀಟಿ, ಕೆಲಸದ ಬಾಯಿಯ ಪಾತ್ರೆ ಸದ್ದು, ಇವರ ಟಿ.ವಿ. ಬಳಗದ ಸದ್ದೆಲ್ಲ ಅವಳಿಗೆ ಹೇಳುತ್ತಿದ್ದುದು "ಇದು ಹಗಲು" ಎಂದೇ. ಈಗ ಮಧ್ಯಾಹ್ನ ಎರಡರವರೆಗೆ ನಮ್ಮ ಮನೆಯಲ್ಲಿ ಮಿಕ್ಸರ್ ಇಲ್ಲ. ಚಟ್ನಿ ಹಿಂದಿನ ಸಂಜೆಯೇ ಅರೆದಿಡುತ್ತೇನೆ.

ಕಳೆದ ತಿಂಗಳು ಅವಳ ಕಂಪೆನಿಯ ತಪಾಸಣೆಯಲ್ಲಿ 134/86 ಬಂತು. ವಯಸ್ಸು ಇಪ್ಪತ್ತೊಂಬತ್ತು. "ಕೆಲಸ ಬಿಡು ಎನ್ನಬೇಡ ಅಮ್ಮ, ಮನೆಯ ಕಂತು ಕಟ್ಟುವವರು ಯಾರು?" ಎಂದಳು. ನಾನು ಹಾಗೆ ಅನ್ನಲಿಲ್ಲ. ಹಗಲಿನ ಪಾಳಿಗೆ ಅರ್ಜಿ ಕೊಟ್ಟಿದ್ದಾಳೆ, ಸಂಬಳ ಸ್ವಲ್ಪ ಕಡಿಮೆಯಾಗುತ್ತದೆ, ಉತ್ತರ ಇನ್ನೂ ಬಂದಿಲ್ಲ. ಬರುವ ಬುಧವಾರ ಅವಳ ತೋಳಿಗೂ ಆ ಪಟ್ಟಿ ಕಟ್ಟಲಿದ್ದಾರೆ. ಮೇಲೆ ದುಪಟ್ಟಾ ಹೊದ್ದುಕೊಂಡರೆ ಆಫೀಸಿನಲ್ಲಿ ಯಾರಿಗೂ ಕಾಣಿಸದಲ್ಲವೇ ಎಂದು ಕೇಳುತ್ತಿದ್ದಾಳೆ. ಕಾಣಿಸದಿದ್ದರೂ ಕೇಳಿಸುತ್ತದೆ ಎಂದು ಅವಳ ಪಪ್ಪ ಹೇಳಿದ್ದಾರೆ.